ಮೂರನೆಯದನ್ನು ಮಾಡುತ್ತಿದ್ದವರು

ಮನುಷ್ಯನಿಗೆ ಸಿಕ್ಕ ವರಗಳಲ್ಲೆಲ್ಲ ದೊಡ್ಡದು ಆಯ್ಕೆಯ ಸ್ವಾತಂತ್ರ್ಯ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಯಾರೂ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ. ದಿಲ್ಲಿಯ ಓಖ್ಲಾದ ಹಳೆಯ ಕಟ್ಟಡವೊಂದರಲ್ಲಿ ಶುರುವಾಗಿ ಗುರುಗ್ರಾಮದ ಗಾಜಿನ ಕಟ್ಟಡವೊಂದರಲ್ಲಿ ಮುಗಿದ ಹತ್ತೊಂಬತ್ತು ವರ್ಷ, ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಅಲ್ಲಿ ಕಂಡ ಸತ್ಯ ಇಷ್ಟೇ: ಮನುಷ್ಯ ತಾನಾಗಿ ಏನನ್ನೂ ಆರಿಸುವುದಿಲ್ಲ. ಆರಿಸಿದೆ ಅಂದುಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಾನೆ. ಆ ಸಂತೋಷವನ್ನು ತಯಾರಿಸಿ ಕೊಟ್ಟಿದ್ದಕ್ಕೆ ನಮಗೆ ತಿಂಗಳ ಸಂಬಳ, ದೀಪಾವಳಿಗೆ ಒಂದು ಡಬ್ಬಿ ಸೋನ್‌ಪಾಪಡಿ.

ಈ ಕಸುಬಿನಲ್ಲಿ ಇಡೀ ದಿಲ್ಲಿಗೆ ಒಬ್ಬರೇ ಎನ್ನಬಹುದಾಗಿದ್ದವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಏಜೆನ್ಸಿಯ ಹಳಬರ ವಾಟ್ಸಾಪ್ ಗುಂಪಿನಲ್ಲಿ ಒಂದು ದೀಪ, ಎರಡು ಕಮಲ, ಲೆಕ್ಕವಿಲ್ಲದಷ್ಟು ಜೋಡಿಸಿದ ಕೈಗಳು ಬಂದವು. ಅವುಗಳ ಕೆಳಗೆ ಯಾರೋ ಬರೆದಿದ್ದರು: ‘ಬಂಗಾಳದ ನೆಲ ಕೊಟ್ಟ ಮಹಾನ್ ಕಲಾವಿದ ಇನ್ನಿಲ್ಲ.’ ಸತ್ತವರು ದಾವಣಗೆರೆಯವರು. ನಾನು ತಿದ್ದಲು ಹೋಗಲಿಲ್ಲ. ಬದುಕಿದ್ದಾಗ ಅವರೇ ತಿದ್ದಿರಲಿಲ್ಲ.

ಅದರ ಕಥೆ ಹೀಗೆ. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು, ದಿಲ್ಲಿಯ ಮುನಿರ್ಕಾದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಹಿಡಿದು, ಉದ್ದ ಕೂದಲು ಬಿಟ್ಟು, ಹೆಗಲಿಗೆ ಬಟ್ಟೆಯ ಚೀಲ ನೇತುಹಾಕಿಕೊಂಡು ಅವರು ಮೊದಲ ದಿನ ಏಜೆನ್ಸಿಗೆ ಬಂದಾಗ, ರಿಸೆಪ್ಷನ್‌ನಲ್ಲಿದ್ದ ಹೆಂಗಸು ನೋಡಿದ ಕೂಡಲೇ, ಬಂಗಾಳಿಗಳನ್ನು ಕರೆಯುವಂತೆ, ‘ಆಯಿಯೇ ದಾದಾ’ ಅಂದಳಂತೆ. ದಿಲ್ಲಿಯ ಜಾಹೀರಾತು ಲೋಕದಲ್ಲಿ ಚಿತ್ರ ಬರೆಯುವವನು ಬಂಗಾಳಿಯೇ, ಲೆಕ್ಕ ಬರೆಯುವವನು ಮದ್ರಾಸಿಯೇ ಎಂಬುದು ಸ್ಥಾಪಿತ ಸಿದ್ಧಾಂತ. ಮೊದಲ ವಾರ ಅವರು ‘ಮೈ ಕರ್ನಾಟಕ ಸೇ ಹೂಂ’ ಎಂದು ಹೇಳಿ ನೋಡಿದರು. ‘ಅಚ್ಛಾ! ಕೋಲ್ಕತಾ ಸೇ ಕಿತ್ನಾ ದೂರ್ ಪಡ್ತಾ ಹೈ?’ ಅದು ಕೋಲ್ಕತಾದಿಂದ ಎಷ್ಟು ದೂರ, ಎಂದು ಆಫೀಸಿನವರು ಕೇಳಿದರು. ಎರಡನೆಯ ವಾರದಿಂದ ಅವರು ಸುಮ್ಮನಾದರು. ದುರ್ಗಾಪೂಜೆಗೆ ಆಫೀಸಿನವರು ಅವರಿಗೆ ಎರಡು ದಿನ ವಿಶೇಷ ರಜೆಯನ್ನೂ ಕೊಡುತ್ತಿದ್ದರು; ಅದನ್ನು ಬೇಡ ಅನ್ನುವಷ್ಟು ಸತ್ಯವಂತರೇನೂ ಅವರಾಗಿರಲಿಲ್ಲ. ನಾನೂ ಇಲ್ಲಿ ಅವರನ್ನು ದಾದಾ ಎಂದೇ ಕರೆಯುತ್ತೇನೆ.

ಏಜೆನ್ಸಿಯ ಶಾಸ್ತ್ರ ಗೊತ್ತಿಲ್ಲದವರಿಗಾಗಿ ಒಂದು ವಿವರಣೆ ಅಗತ್ಯ. ಕ್ಲೈಂಟ್ ಬಂದು ಬಿಸ್ಕತ್ತಿನ ಪೊಟ್ಟಣಕ್ಕೋ ಬ್ಯಾಂಕಿನ ಠೇವಣಿಗೋ ಒಂದು ಡಿಸೈನ್ ಕೇಳಿದರೆ, ಒಂದನ್ನು ಕೊಡಬಾರದು. ಒಂದನ್ನೇ ಕೊಟ್ಟರೆ ಆತ ಅದನ್ನು ಬೇಡ ಅನ್ನುತ್ತಾನೆ. ಬೇಡ ಅನ್ನುವುದನ್ನು ಬಿಟ್ಟರೆ ಆ ಮೀಟಿಂಗಿನಲ್ಲಿ ಅವನಿಗೆ ಬೇರೆ ಕೆಲಸ ಇರುವುದಿಲ್ಲ. ಆದ್ದರಿಂದ ಮೂರು ಕೊಡಬೇಕು. ಮೊದಲನೆಯದು ಹೆದರಿಸುವುದಕ್ಕೆ. ಅದನ್ನು ನೋಡಿದರೆ ಇವರು ದೊಡ್ಡ ಕಲಾವಿದರು, ಆದರೆ ನಮ್ಮ ಚೇರ್ಮನ್‌ಗೆ ತೋರಿಸುವ ಹಾಗಿಲ್ಲ ಅನ್ನಿಸಬೇಕು. ಎರಡನೆಯದು ಮಾರುವುದಕ್ಕೆ. ಮೂರನೆಯದು ಕೆಟ್ಟದಾಗಿರಬೇಕು, ಅದರ ಪಕ್ಕದಲ್ಲಿ ಎರಡನೆಯದು ಹೊಳೆಯಬೇಕು. ಹಿಂದಿಯಲ್ಲಿ ‘ಬಲಿ ಕಾ ಬಕ್ರಾ’ ಎನ್ನುತ್ತಾರಲ್ಲ, ಬಲಿಗೆ ಬಿಟ್ಟ ಆಡು, ಅದನ್ನು ನಮ್ಮವರು ಮೊಟಕು ಮಾಡಿ ಈ ಮೂರನೆಯದಕ್ಕೆ ‘ಬಕ್ರಾ’ ಎಂದು ಹೆಸರಿಟ್ಟಿದ್ದರು. ‘ಸೋಮವಾರಕ್ಕೆ ಬಕ್ರಾ ತಯಾರಾಯ್ತಾ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ಕೇಳಿಸಿಕೊಂಡ ಹೊರಗಿನವರು, ಈ ಆಫೀಸಿನಲ್ಲಿ ಊಟ ಚೆನ್ನಾಗಿರುತ್ತದೆ ಎಂದು ತಿಳಿದಿದ್ದರು.

ಬಕ್ರಾ ಮಾಡುವುದು ಸುಲಭ ಎಂದು ಹೊಸ ಹುಡುಗರು ಭಾವಿಸುತ್ತಿದ್ದರು. ಗುಲಾಬಿ ಹಿನ್ನೆಲೆಗೆ ಹಸಿರು ಅಕ್ಷರ ಹಾಕಿ, ನಾಲ್ಕು ನಕ್ಷತ್ರ ಸಿಡಿಸಿ ತರುತ್ತಿದ್ದರು. ದಾದಾ ಅದನ್ನು ದೂರದಿಂದಲೇ ನೋಡಿ, ಕನ್ನಡಕ ತೆಗೆದು ಒರೆಸಿ, ಕನ್ನಡದಲ್ಲಿ ನನಗೆ ಹೇಳುತ್ತಿದ್ದರು: “ನೋಡ್ರಿ ಪಂಡಿತ್ರೇ, ಇದು ಅವಮಾನ. ಕ್ಲೈಂಟಿಗಲ್ಲ, ಬಕ್ರಾಕ್ಕೆ. ತಾನು ಯಾಕೆ ಬಂದೀನಿ ಅಂತ ಅದಕ್ಕೆ ಗೊತ್ತಾಗಬಾರದು.” (ಕನ್ನಡ ಬರೆಯುತ್ತಿದ್ದೆನೆಂದು ಆಫೀಸಿನವರು ನನ್ನನ್ನು ಪಂಡಿತ್‌ಜಿ ಮಾಡಿದ್ದರು. ಆ ಆಫೀಸಿನಲ್ಲಿ ಯಾರೂ ತಾವು ಹುಟ್ಟಿದ್ದಾಗಿರಲಿಲ್ಲ.)

ಅವರ ಬಕ್ರಾಗಳು ಹತ್ತಿರ ಹತ್ತಿರ ಚೆನ್ನಾಗಿರುತ್ತಿದ್ದವು. ಒಂದು ಬ್ಯಾಂಕಿನವರು ಹಿರಿಯ ನಾಗರಿಕರ ಠೇವಣಿಗೆ ಪೋಸ್ಟರ್ ಕೇಳಿದಾಗ ಅವರು ನಗುವ ಅಜ್ಜನೊಬ್ಬನನ್ನು ಕೂರಿಸಿದ್ದರು. ಅಜ್ಜ ಸರಿ, ಕುರ್ಚಿ ಸರಿ, ಬೆಳಕು ಸರಿ, ಅಜ್ಜನ ನೆರಳು ಮಾತ್ರ ಬೆಳಕು ಬರುವ ಕಡೆಗೇ ಬಿದ್ದಿತ್ತು. ಬ್ಯಾಂಕಿನ ಮ್ಯಾನೇಜರ್ ಅದನ್ನು ಬಹಳ ಹೊತ್ತು ನೋಡಿದರು. ಕುತ್ತಿಗೆ ಉಜ್ಜಿಕೊಂಡರು. ನೀರು ಕುಡಿದರು. ಏನು ಕಡಿಮೆಯಾಗಿದೆ ಎಂದು ಹೇಳಲಾಗದೆ, ‘ಇಸ್ ಮೇ ಕುಛ್...’ ಎಂದು ಅರ್ಧಕ್ಕೆ ನಿಲ್ಲಿಸಿ ಎರಡನೆಯದಕ್ಕೆ ಸಹಿ ಹಾಕಿದರು. ದಾದಾ ಆ ಸಂಜೆ ಗೇಟಿನ ಹೊರಗಿನ ಭಯ್ಯಾನ ಹತ್ತಿರ ನನಗೆ ಚಹಾದ ಜೊತೆ ಬ್ರೆಡ್ ಪಕೋಡಾವನ್ನೂ ಕೊಡಿಸಿದರು. ಶಿಲ್ಪಿಯೊಬ್ಬ ಮೂರ್ತಿಗೆ ಕಣ್ಣು ಬಿಡಿಸಿದ ದಿನದ ತೃಪ್ತಿ ಅವರ ಮುಖದ ಮೇಲಿತ್ತು.

ಕೆಲಸ ಬಲ್ಲವನಿಗೆ ಶಿಕ್ಷೆ ತಪ್ಪಿದ್ದಲ್ಲ. ಬಕ್ರಾ ಅವರಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಬೇರೇನನ್ನೂ ಕೊಡಲಿಲ್ಲ. ಮೊದಲನೆಯದನ್ನು ಸಾಹೇಬರ ಮೆಚ್ಚಿನವರು ಮಾಡುತ್ತಿದ್ದರು, ಎರಡನೆಯದನ್ನು ಯಾರು ಬೇಕಾದರೂ ಮಾಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ದಾದಾ ಮೂರನೆಯದನ್ನು ಮಾಡಿದರು. ಬಡ್ತಿಗಳೂ ಸಕಾಲಕ್ಕೆ ಬಂದವು. ಅವರ ವಿಸಿಟಿಂಗ್ ಕಾರ್ಡಿನಲ್ಲಿ ‘ಸೀನಿಯರ್ ಕ್ರಿಯೇಟಿವ್ ಡೈರೆಕ್ಟರ್’ ಎಂದಿತ್ತು. ಅವರ ಕೈಯಿಂದ ಹೊರಟ ಒಂದೇ ಒಂದು ಗೆರೆ ಕೂಡ ಅಚ್ಚಾಗಿರಲಿಲ್ಲ.

ಇಲ್ಲಿ ಚೋಪ್ರಾನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಚೋಪ್ರಾ ಕ್ಲೈಂಟ್‌ಗಳನ್ನು ನೋಡಿಕೊಳ್ಳುವ ವಿಭಾಗದವನು. ಒಳ್ಳೆಯ ಸೂಟು, ಒಳ್ಳೆಯ ಹಲ್ಲು. ದಾದಾ ಮೂರನೆಯದನ್ನು ಮೇಜಿನ ಮೇಲೆ ಇಟ್ಟು ಕೈ ತೆಗೆದ ಕ್ಷಣಕ್ಕೆ ಸರಿಯಾಗಿ ಅವನು ಒಮ್ಮೆ ಕೆಮ್ಮುತ್ತಿದ್ದ. ದೊಡ್ಡ ಕೆಮ್ಮಲ್ಲ. ಮನೆಯಲ್ಲಿ ಹಿರಿಯರು ‘ಸಾಕು’ ಅನ್ನುವ ಬದಲು ಕೆಮ್ಮುತ್ತಾರಲ್ಲ, ಅಂಥದ್ದು. ಕೆಮ್ಮಿ, ಬೆರಳ ತುದಿಯಿಂದ ಎರಡನೆಯದನ್ನು ಅರ್ಧ ಇಂಚು ಮುಂದೆ ಸರಿಸುತ್ತಿದ್ದ. ಬಲಿ ಮುಗಿಯಿತು. ತನ್ನ ಬಕ್ರಾ ಸಾಯುವುದು ತನ್ನ ಕಲೆಯಿಂದ ಎಂದು ದಾದಾ ನಂಬಿದ್ದರು. ಚೋಪ್ರಾನ ಕೆಮ್ಮಿನಿಂದ ಎಂದು ಉಳಿದವರೆಲ್ಲ ನಂಬಿದ್ದೆವು. ಅವರ ಎದುರು ಯಾರೂ ಹೇಳಲಿಲ್ಲ.

ಈ ಅಭ್ಯಾಸ ಅವರನ್ನು ಮನೆಯವರೆಗೂ ಹಿಂಬಾಲಿಸಿತ್ತು. ಅವರ ಮನೆ ಇಂದಿರಾಪುರಂನಲ್ಲಿ, ಹದಿನಾಲ್ಕನೆಯ ಮಹಡಿ. ಅವರ ಶ್ರೀಮತಿಯವರು ಶಾಲೆಯೊಂದರಲ್ಲಿ ಗಣಿತದ ಟೀಚರು. ಒಂದು ಪ್ರಶ್ನೆಗೆ ಒಂದೇ ಉತ್ತರ ಎಂದು ನಂಬಿದವರು. ಭಾನುವಾರ ಊಟಕ್ಕೆ ಹೋದಾಗ ಅವರು ನನಗೆ ಬಡಿಸುತ್ತಾ ಹೇಳುತ್ತಿದ್ದರು: “ನನ್ನ ನೋಡೋಕೆ ಬರೋ ಮೊದ್ಲು ಇವರು ಇನ್ನೂ ಎರಡು ಮನೆ ನೋಡಿದ್ರಂತೆ. ಒಂದ್ ಹುಡುಗಿ ತುಂಬಾ ಚೆಲುವೆ ಅಂತೆ. ಇನ್ನೊಂದ್ರದ್ದು ಜಾತಕ ಕೂಡಿತ್ತಂತೆ. ಇಪ್ಪತ್ತಾರು ವರ್ಷ ಆಯ್ತು, ನಾನು ಎಷ್ಟನೆಯವಳು ಅಂತ ಕೇಳಿದ್ರೆ ಬಾಯಿ ಬಿಡಲ್ಲ.”

ದಾದಾ ತಲೆ ತಗ್ಗಿಸಿ ಸಾರು ಕಲಸುತ್ತಿದ್ದರು. “ಇನ್ನೊಂಚೂರು ಅನ್ನ ಹಾಕು,” ಅನ್ನುತ್ತಿದ್ದರು.

ಮಗಳೂ ಒಮ್ಮೆ ಕೇಳಿದ್ದಳು. ಅದು ಅವಳು ಐದನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ನಾವೆಲ್ಲ ಒಂದೇ ಕಾರಿನಲ್ಲಿ ರಿಂಗ್ ರೋಡಿನಲ್ಲಿ ಹೋಗುತ್ತಿದ್ದೆವು. ಎರಡೂ ಕಡೆ ದೊಡ್ಡ ದೊಡ್ಡ ಹೋರ್ಡಿಂಗ್‌ಗಳು: ಸಿಮೆಂಟು, ಪ್ರೆಶರ್ ಕುಕ್ಕರು, ಮಂತ್ರಿಗಳು. ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡು ಕೇಳಿದಳು: “ಪಪ್ಪಾ, ಇನ್ ಮೇ ಸೇ ನಿಮ್ದು ಕೌನ್ ಸಾ? ಯಾವ್ದು?”

“ಬರ್ತದೆ ಪುಟ್ಟಿ, ಮುಂದೆ ಬರ್ತದೆ.”

ಹುಡುಗಿ ಕಾದಳು. ಆಶ್ರಮ ಚೌಕ ಬಂತು, ನಿಜಾಮುದ್ದೀನ್ ದಾಟಿತು, ಯಮುನೆಯ ಸೇತುವೆ ಬಂತು. “ಪಪ್ಪಾ, ಅಬ್ ತೋ ಮನೇನೇ ಆ ಗಯಾ,” ಅಂದಳು. ಅವರ ಶ್ರೀಮತಿ ಕಾರಿನ ರೇಡಿಯೋ ಜೋರು ಮಾಡಿದರು.

ಏಜೆನ್ಸಿ ಗುರುಗ್ರಾಮಕ್ಕೆ ಸ್ಥಳಾಂತರವಾದಾಗ ಮುಂಬಯಿಯಿಂದ ಹೊಸ ಮುಖ್ಯಸ್ಥನೊಬ್ಬ ಬಂದ. ಮೂವತ್ತೊಂದು ವರ್ಷ, ಬೂಟಿನೊಳಗೆ ಕಾಲುಚೀಲ ಇಲ್ಲ. ಮೀಟಿಂಗ್ ಕೋಣೆಯ ಕುರ್ಚಿಗಳನ್ನು ತೆಗೆಸಿ ಬೀನ್ ಬ್ಯಾಗ್ ಎಂಬ ಹಿಟ್ಟಿನ ಮೂಟೆಗಳನ್ನು ಹಾಕಿಸಿದ. ದಾದಾ ಅದರಲ್ಲಿ ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಹೀಗಾಗಿ ಮೀಟಿಂಗ್ ಮುಗಿದ ಮೇಲೂ ಎಷ್ಟೋ ಹೊತ್ತು ಅವರೊಬ್ಬರೇ ಗಂಭೀರವಾಗಿ ಮುಂದುವರಿಸುತ್ತಿದ್ದರು. ಒಂದು ದಿನ ಆ ಮುಖ್ಯಸ್ಥ ಗೋಡೆಯ ಮೇಲೆ ಒಂದು ಹೊಸ ಯಂತ್ರದ ಕೆಲಸ ತೋರಿಸಿದ. ಏನು ಬೇಕು ಎಂದು ಎರಡು ಸಾಲು ಬರೆದರೆ ಸಾಕು, ಚಹಾ ಆರುವುದರೊಳಗೆ ನಲವತ್ತು ಡಿಸೈನ್ ಬರುತ್ತಿತ್ತು. ‘ದಾದಾ, ಇನ್ನು ಮೇಲೆ ನೀವು ಮಾಡಬೇಕಾಗಿಲ್ಲ, ಆರಿಸಿದರೆ ಸಾಕು’ ಎಂದು ಇಂಗ್ಲಿಷಿನಲ್ಲಿ ಬಹಳ ಪ್ರೀತಿಯಿಂದ ಹೇಳಿದ.

ದಾದಾ ಮೂಟೆಯಲ್ಲಿ ಹುದುಗಿಕೊಂಡೇ ನಲವತ್ತನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಅಂದರು: “ನಲವತ್ತೂ ಬಕ್ರಾನೇ, ಪಂಡಿತ್ರೇ. ಕಾಯೋಕೆ ಒಂದು ಕೋಲು ಕೊಡಿಸ್ರಿ.”

ಮರುದಿನ ರಾಜೀನಾಮೆ ಕೊಟ್ಟರು. ಪತ್ರವನ್ನು ಮೂರು ಬಗೆಯಲ್ಲಿ ಬರೆದಿದ್ದರು. ಒಂದರಲ್ಲಿ ಎಲ್ಲರನ್ನೂ ಹೆಸರು ಹಿಡಿದು ಬೈದಿದ್ದರು, ಎರಡನೆಯದರಲ್ಲಿ ಧನ್ಯವಾದ ಹೇಳಿದ್ದರು, ಮೂರನೆಯದರಲ್ಲಿ ಬೆನ್ನುನೋವಿನ ಕಾರಣ ಕೊಟ್ಟು ಕಣ್ಣೀರಿಟ್ಟಿದ್ದರು. ಎಚ್‌ಆರ್‌ನವರು ಮೂರನ್ನೂ ಸ್ವೀಕರಿಸಿದರು.

ಬೀಳ್ಕೊಡುಗೆಗೆ ಆ ಯಂತ್ರದಿಂದಲೇ ಅವರ ಭಾವಚಿತ್ರ ಮಾಡಿಸಿ ಚೌಕಟ್ಟು ಹಾಕಿಸಿ ಕೊಟ್ಟರು. ಚಿತ್ರದಲ್ಲಿ ಅವರಿಗೆ ಗಡ್ಡ ಇತ್ತು, ಹಿಂದೆ ಹೌರಾ ಸೇತುವೆ ಇತ್ತು. ಮೆಟ್ರೋದಲ್ಲಿ ವಾಪಸು ಬರುವಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಂಡಿ ಹೌಸ್ ದಾಟಿದ ಮೇಲೆ ಹೇಳಿದರು: “ಒಂದು ಸ್ಟುಡಿಯೋ ಮಾಡ್ತೀನ್ರಿ. ನಾನೊಬ್ಬನೇ. ಸಾಯೋದರೊಳಗೆ ನಂದು ಅನ್ನೋದು ಒಂದಾದ್ರೂ ಅಚ್ಚಾಗಬೇಕು. ಬೆಂಕಿಪೊಟ್ಟಣದ ಮೇಲಾದ್ರೂ ಆಗ್ಲಿ. ಬಕ್ರಾ ಅಲ್ಲ. ನಂದು.”

ಸ್ಟುಡಿಯೋ ಎಂದರೆ ಅವರ ಬಾಲ್ಕನಿ. ಸುತ್ತ ಅಲ್ಯುಮಿನಿಯಂ, ಗಾಜು. ಜೂನ್‌ನಲ್ಲಿ ಒಳಗೆ ಕೂತರೆ ಮೈಮೇಲೆ ಸಂಡಿಗೆ ಒಣಗಿಸಬಹುದಿತ್ತು. ಗಾಜಿನ ಆಚೆ ಇಂದಿರಾಪುರಂನ ಪಾರಿವಾಳಗಳೆಲ್ಲ ಸಾಲಾಗಿ ಕೂತು ಒಳಗಿನ ಪ್ರಗತಿಯನ್ನು ಪರಿಶೀಲಿಸುತ್ತಿದ್ದವು. ಹೆಸರಿಡುವ ಕೆಲಸ ಮೊದಲ ವಾರವೇ ಶುರುವಾಯಿತು. ಮೂರು ಹೆಸರು ಬರೆದು ಹೆಂಡತಿಗೆ ತೋರಿಸಿದರು, ನನಗೆ ತೋರಿಸಿದರು, ಮಗಳಿಗೆ ತೋರಿಸಿದರು. ಮಗಳು ಆಗ ಗುರುಗ್ರಾಮದಲ್ಲೇ ಕೆಲಸ ಮಾಡುತ್ತಿದ್ದಳು. ಮೂವರೂ ಬೇರೆ ಬೇರೆಯದನ್ನು ಹೇಳಿದೆವು. ಅವರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ತಾವೇ ಆರಿಸಬೇಕಾಗಿ ಬಂದಿತ್ತು. ಆ ವಿದ್ಯೆ ಅವರು ಕಲಿತಿರಲಿಲ್ಲ. ಬೋರ್ಡ್ ಮಾತ್ರ ಮೊದಲೇ ಮಾಡಿಸಿದ್ದರಿಂದ, ಏನೂ ಬರೆಯದೆ ಹಾಗೇ ಬಾಗಿಲಿಗೆ ಹೊಡೆಸಿದರು.

ಅಪಾರ್ಟ್‌ಮೆಂಟಿನವರ ಸೊಸೈಟಿಯ ಕಾರ್ಯದರ್ಶಿ ಬಂದು, ಫ್ಲ್ಯಾಟಿಗೆ ವ್ಯಾಪಾರದ ಬೋರ್ಡ್ ಹಾಕುವಂತಿಲ್ಲ ಎಂದು ತಕರಾರು ತೆಗೆದರು.

“ಏನು ಬರೆದಿದೆ ಓದಿ,” ಅಂದರು ದಾದಾ.

ಕಾರ್ಯದರ್ಶಿ ಬಗ್ಗಿ ಓದಿದರು. ಖಾಲಿ ಬೋರ್ಡಿನ ಬಗ್ಗೆ ಸೊಸೈಟಿಯ ನಿಯಮಾವಳಿ ಮೌನವಾಗಿತ್ತು. ಅವರು ಹೊರಟುಹೋದರು.

ಐದು ತಿಂಗಳಾದರೂ ಕೆಲಸ ಬರಲಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹಗ್ಗಗಳನ್ನು ಶ್ರೀಮತಿಯವರು ಒಂದೊಂದಾಗಿ ವಾಪಸು ತಂದು ಕಟ್ಟಿದರು. ಕೊನೆಗೆ ಸ್ಟುಡಿಯೋದ ಮಧ್ಯದಲ್ಲಿ ಟವೆಲ್ಲುಗಳು ನೇತಾಡತೊಡಗಿದಾಗ ನಾನೇ ಒಬ್ಬ ಗಿರಾಕಿಯನ್ನು ಹಿಡಿದೆ.

ಚಾಣಕ್ಯಪುರಿಯಲ್ಲಿ ಕರ್ನಾಟಕದವರು ಸೇರುವ ಕಡೆ ಭಾನುವಾರದ ಇಡ್ಲಿಗೆ ಹೋಗುವ ಅಭ್ಯಾಸ ನನಗಿದೆ. ಅಲ್ಲಿ ಪರಿಚಯವಾದವರು ಕೊಡಗಿನ ಒಬ್ಬ ನಿವೃತ್ತ ಕರ್ನಲ್. ನೋಯ್ಡಾದಲ್ಲಿ ಮನೆ. ಆರಡಿ ದೇಹ, ಎರಡೂ ಕೊನೆ ಮೇಲಕ್ಕೆ ತಿರುವಿದ ಮೀಸೆ. ಅವರ ಅಕ್ಕ ವಿರಾಜಪೇಟೆಯ ಕಡೆ ಕಾಚಂಪುಳಿ ಕುದಿಸುತ್ತಿದ್ದರು. ಹಂದಿ ಸಾರಿಗೆ ಕೊಡವರು ಹಾಕುವ ಕಪ್ಪು ಹುಳಿ ಅದು. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಡಾಂಬರಿನ ಬಣ್ಣಕ್ಕೆ ಇಳಿಸಿದ್ದು. ಅದನ್ನು ದಿಲ್ಲಿಯವರಿಗೆ ತಿನ್ನಿಸಬೇಕೆಂದು ಕರ್ನಲ್ ಸಾಹೇಬರು ನಿರ್ಧರಿಸಿದ್ದರು. ಬಾಟಲಿಗೆ ಲೇಬಲ್ ಬೇಕಿತ್ತು.

ದಾದಾ ಒಂದು ತಿಂಗಳು ಬೆವರು ಸುರಿಸಿದರು. ನವೆಂಬರಿನ ಒಂದು ಬೆಳಿಗ್ಗೆ ಮೂರು ಬಾಟಲಿಗಳನ್ನು ಟವೆಲಿನಿಂದ ಮುಚ್ಚಿಟ್ಟು ಕರ್ನಲ್ ಸಾಹೇಬರನ್ನೂ ನನ್ನನ್ನೂ ಕರೆದರು. ಹೊರಗೆ ಹೊಗೆ ಕವಿದು ಎದುರಿನ ಟವರೇ ಕಾಣುತ್ತಿರಲಿಲ್ಲ. ಪಾರಿವಾಳಗಳು ಕೂಡ ಬಂದಿರಲಿಲ್ಲ.

ಮೊದಲನೆಯ ಬಾಟಲಿಯ ಮೇಲೆ ಒಂದು ಕೆಂಪು ಚುಕ್ಕೆ ಬಿಟ್ಟರೆ ಏನೂ ಇರಲಿಲ್ಲ. “ಔಷಧಿನಾ?” ಅಂದರು ಕರ್ನಲ್. ಎರಡನೆಯದರ ಮೇಲೆ ಬೆಟ್ಟದ ಸಾಲು, ಮಂಜು, ಮಟ್ಟಸವಾದ ಕನ್ನಡ ಅಕ್ಷರ, ಕೆಳಗೆ ಹಿಂದಿ. “ಹ್ಞೂಂ,” ಅಂದರು. ಮೂರನೆಯದನ್ನು ದಾದಾ ಮೆಲ್ಲಗೆ ಮೇಜಿನ ಮೇಲೆ ಇಟ್ಟು ಕೈ ತೆಗೆದರು.

ಬಕ್ರಾ. ಅವರ ಇಪ್ಪತ್ತನಾಲ್ಕು ವರ್ಷದ ವಿದ್ಯೆಯೆಲ್ಲ ಅದರಲ್ಲಿತ್ತು. ಒಬ್ಬ ಸಿಪಾಯಿ ಬಾಟಲಿಯನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿ ಸೆಲ್ಯೂಟ್ ಹೊಡೆಯುತ್ತಿದ್ದಾನೆ. ಎಲ್ಲ ಸರಿಯಿದೆ, ಸೆಲ್ಯೂಟ್ ಮಾಡುವ ಕೈ ಮಾತ್ರ ಒಂದಂಗುಲ ಉದ್ದ. ಕೆಳಗೆ ಹಿಂದಿಯಲ್ಲಿ ‘ಕೂರ್ಗ್ ಕಾ ಕಡಕ್ ಸಿರ್ಕಾ’, ಅಂದರೆ ಕೊಡಗಿನ ಖಡಕ್ ಹುಳಿ. ಆದರೆ ಒಂದು ವಿಷಯ ದಾದಾ ಗಮನಿಸಿರಲಿಲ್ಲ. ತಿಂಗಳಿಡೀ ಕರ್ನಲ್ ಸಾಹೇಬರೊಂದಿಗೆ ವಿಡಿಯೋ ಕಾಲ್ ಮಾಡಿ ಮಾಡಿ, ಸಿಪಾಯಿಗೆ ಅವರದೇ ಮೀಸೆ ಬಂದಿತ್ತು.

ಕರ್ನಲ್ ಸಾಹೇಬರ ಕಣ್ಣು ಅರಳಿತು. ದಾದಾ ಅಭ್ಯಾಸಬಲದಿಂದ ಕಾದರು. ಕೆಮ್ಮು ಬರಲಿಲ್ಲ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು. ಚೋಪ್ರಾನನ್ನು ನೆನೆದು ನನ್ನ ಕೈಲಾದಷ್ಟು ಸೂಕ್ಷ್ಮವಾಗಿ ಕೆಮ್ಮಿದೆ.

“ನೀರು ಕುಡೀರಿ ಪಂಡಿತ್ರೇ,” ಅಂದರು ಕರ್ನಲ್. “ಈ ಊರಿನ ಹೊಗೇನೇ ಹೀಗೆ. ನಮ್ಮ ಮನೆಯಲ್ಲೂ ಎಲ್ಲರಿಗೂ ಕೆಮ್ಮು.”

ಇನ್ನೂ ಒಮ್ಮೆ ಕೆಮ್ಮಿದೆ. ಒಳಗಿನಿಂದ ಶ್ರೀಮತಿಯವರು ಶುಂಠಿ ಕಷಾಯ ತಂದುಕೊಟ್ಟರು. ನವೆಂಬರಿನಲ್ಲಿ ಇಡೀ ದಿಲ್ಲಿ ಕೆಮ್ಮುತ್ತಿರುವಾಗ ಒಬ್ಬನ ಕೆಮ್ಮಿಗೆ ಏನು ಬೆಲೆ!

“ಇದೇ,” ಎಂದು ಕರ್ನಲ್ ಸಾಹೇಬರು ಮೂರನೆಯ ಬಾಟಲಿಯ ಕತ್ತು ಹಿಡಿದೆತ್ತಿದರು. “ಫಸ್ಟ್ ಕ್ಲಾಸ್. ಸೋಮವಾರ ಪ್ರೆಸ್ಸಿಗೆ ಹೋಗಲಿ. ಕೆಲಸ ಮಾಡಿದವರ ಹೆಸರು ಕೆಳಗೆ ಇರಲಿ, ಆರ್ಟಿಸ್ಟ್ ಸಾಹೇಬ್ರೇ. ದೊಡ್ಡದಾಗೇ ಹಾಕಿಕೊಳ್ಳಿ.”

ಅವರು ಹೋದ ಮೇಲೆ ದಾದಾ ಒಗೆದ ಬಟ್ಟೆಗಳ ನಡುವೆ ಕೂತರು. ಶ್ರೀಮತಿಯವರು ಬಾಟಲಿಯನ್ನು ಎತ್ತಿ ನೋಡಿ, “ಕೈ ಉದ್ದ ಆಗಿದೆ,” ಅಂದರು.

“ಗೊತ್ತು.”

“ಅಂದ್ಮೇಲೆ ಸರಿ ಮಾಡಿ ಕೊಟ್ಟುಬಿಡಿ. ಅವರು ಕೇಳಿದ್ದು ಕೊಡೋಕೇನು?”

“ಕೈ ಸರಿ ಮಾಡಿದ್ರೆ ಅದು ಸರಿ ಆಗಲ್ವೇ. ಅದು ಹುಟ್ಟಿದ್ದೇ ಸಾಯೋಕೆ.” ಮುಖಕ್ಕೆ ತಾಗುತ್ತಿದ್ದ ಟವೆಲನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ಮೊದಲನೇ ಸಲ ನನ್ನ ಹೆಸರು ಅಚ್ಚಾಗೋದು. ಅದೂ ಬಕ್ರಾದ ಕೆಳಗೆ.”

ಶ್ರೀಮತಿಯವರು ಬಾಟಲ್ ಕೆಳಗಿಟ್ಟರು. “ಹಾಗಾದ್ರೆ ಹೋಗಿ ಹೇಳಿ. ಇಲ್ಲಿ ಪಾರಿವಾಳದ ಮುಂದೆ ಹೇಳಿದ್ರೆ ಆಗುತ್ತಾ?”

ಭಾನುವಾರ ನೋಯ್ಡಾಕ್ಕೆ ಹೋದೆವು. ಕರ್ನಲ್ ಸಾಹೇಬರು ವರಾಂಡದಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ದಾದಾ ನಿಂತುಕೊಂಡೇ ಎಲ್ಲ ಹೇಳಿದರು. ಮೂರು ಯಾಕೆ ಮಾಡುತ್ತಾರೆ, ಮೂರನೆಯದು ಯಾಕೆ, ಕೈ ಯಾಕೆ ಉದ್ದ. ಕರ್ನಲ್ ಸಾಹೇಬರ ಬ್ರಶ್ ನಿಂತಿತು.

“ಅಂದ್ರೆ ನನಗೆ ಬೇಡ ಅನ್ನಿಸ್ಲಿ ಅಂತಾನೇ ಮಾಡಿದ್ದು.”

“ಹೌದು ಸರ್.”

“ಫೌಜಿನಲ್ಲೂ ಡಮ್ಮಿ ಟ್ರೆಂಚ್ ತೋಡ್ತೇವೆ ಮಿಸ್ಟರ್. ಖಾಲಿ ಗುಂಡಿ. ಶತ್ರು ಅಲ್ಲಿಗೆ ಗುಂಡು ಹಾರಿಸಲಿ ಅಂತ. ಶತ್ರುವಿಗೆ ತೋಡ್ತೇವೆ.” ಮೀಸೆಯ ಒಂದು ಕೊನೆ ಕೆಳಗಿಳಿದಿತ್ತು. “ನಾನು ಯಾರು ನಿಮಗೆ?”

ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ಕ್ಲೈಂಟೂ ದಾದಾ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕೇಳದಿರಲಿ ಎಂದೇ ಚೋಪ್ರಾನಿಗೆ ಅಷ್ಟು ಸಂಬಳ ಕೊಡುತ್ತಿದ್ದರು.

“ಒಂದು ತನ್ನಿ,” ಅಂದರು ಕರ್ನಲ್. “ಒಂದೇ. ನಿಮಗೆ ಸರಿ ಅನ್ನಿಸಿದ್ದು. ನಾನು ಪ್ರೆಸ್ಸಿನವನಿಗೆ ಹದಿನೈದು ದಿನ ನಿಲ್ಲು ಅಂತೇನೆ. ಅಷ್ಟರೊಳಗೆ ಬರದಿದ್ರೆ ಮೀಸೆಯವನೇ ಹೋಗ್ತಾನೆ, ನಿಮ್ಮ ಹೆಸರು ಹಾಕಿಯೇ.”

ಒಂದನ್ನು ಮಾಡುವುದು ಎಷ್ಟು ಕಷ್ಟ ಎಂದು ನಾನು ಆ ಹದಿನೈದು ದಿನ ನೋಡಿದೆ. ಅವರ ಕೈ ಕೇಳುತ್ತಿರಲಿಲ್ಲ. ಒಂದನ್ನು ಬರೆದ ಕೂಡಲೇ, ಅದು ಚೆನ್ನಾಗಿದೆಯೋ ಇಲ್ಲವೋ ನೋಡಲು ಪಕ್ಕದಲ್ಲಿ ಒಂದು ಕೆಟ್ಟದ್ದನ್ನು ಬರೆಯುತ್ತಿದ್ದರು. ಆಮೇಲೆ ಆ ಕೆಟ್ಟದ್ದರ ಮೇಲೆ ಪ್ರೀತಿ ಬಂದು ಅದನ್ನೇ ತಿದ್ದುತ್ತ ಕೂರುತ್ತಿದ್ದರು. ಫೋನ್ ಮಾಡಿ, “ಪಂಡಿತ್ರೇ, ಇನ್ನೊಂದು ಸುಮ್ನೆ ಹಾಗೇ ಜೊತೆಗೆ ಇಟ್ರೆ...” ಎಂದು ಶುರುಮಾಡುತ್ತಿದ್ದರು. ಕುಡಿತ ಬಿಟ್ಟವನ ಸ್ನೇಹಿತನಂತೆ ನಾನು “ಬೇಡ” ಎಂದು ಫೋನ್ ಇಡುತ್ತಿದ್ದೆ. ಒಂಬತ್ತನೆಯ ದಿನ ಶ್ರೀಮತಿಯವರು ಅವರ ಮೇಜಿನ ಮೇಲೆ ಒಂದು ಹಾಳೆ ಮಾತ್ರ ಉಳಿಸಿ, ಉಳಿದ ಕಾಗದವನ್ನೆಲ್ಲ ಶಾಲೆಗೆ ತೆಗೆದುಕೊಂಡು ಹೋದರು. ಮಕ್ಕಳು ಅದರ ಹಿಂದೆ ಭಾಗಾಕಾರ ಮಾಡಿದರು.

ಹದಿನಾಲ್ಕನೆಯ ದಿನ ಆ ಹಾಳೆಯನ್ನು ತಂದರು. ಕಾಚಂಪುಳಿಯ ಹಣ್ಣು, ಒಂದೇ, ಮಸಿಯಲ್ಲಿ ಬಿಡಿಸಿದ್ದು. ಅದರ ಪಕ್ಕದಲ್ಲಿ ಕೈಯಿಂದಲೇ ಬರೆದ ಹುಳಿಯ ಹೆಸರು. ಇಷ್ಟೇ. ಚೆನ್ನಾಗಿತ್ತೇ ಎಂದು ನೀವು ಕೇಳಬಹುದು. ನನಗೆ ಗೊತ್ತಾಗಲಿಲ್ಲ. ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರಲಿಲ್ಲ.

ಕರ್ನಲ್ ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ನೋಡಿದರು. ಹಾಳೆಯನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು.

“ಬೇರೆ ಇಲ್ವಾ?”

“ಇಲ್ಲ ಸರ್.”

“ಮೀಸೆ ಇಲ್ಲ.”

“ಇಲ್ಲ.”

“ನನಗೆ ಆ ಮೀಸೆಯವನೇ ಇಷ್ಟ ಆಗಿದ್ದ. ನನ್ನ ಮಿಸೆಸ್‌ಗೂ.”

“ಗೊತ್ತು ಸರ್.”

“ಇದು ನನಗೆ ಅಷ್ಟು ಹಿಡಿಸ್ಲಿಲ್ಲ ಅಂದ್ರೆ ಏನು ಮಾಡ್ತೀರಿ?”

ದಾದಾ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಿಂತಿದ್ದರು, ಬಿಟ್ಟರೆ ಅದು ಇನ್ನೊಂದನ್ನು ಬರೆದುಬಿಡುತ್ತದೆ ಎನ್ನುವ ಹಾಗೆ. “ಹಿಡಿಸ್ಲಿಲ್ಲ ಅಂತ ಹೇಳ್ರಿ ಸರ್,” ಅಂದರು. “ನಾನು ಮನೆಗೆ ಹೋಗ್ತೀನಿ. ನನ್ನ ಹತ್ರ ಇರೋದು ಇದೊಂದೇ.”

ಕರ್ನಲ್ ಸಾಹೇಬರು ಹಾಳೆಯನ್ನು ಇನ್ನೊಮ್ಮೆ ನೋಡಿದರು. ಅವರಿಗೆ ಅದು ಇಷ್ಟವಾಗಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು, ಅದನ್ನು ಮುಚ್ಚಿಡುವವರೂ ಅವರಲ್ಲ. ಒಳಗೆ ತಿರುಗಿ, “ಏಯ್, ಪ್ರೆಸ್ಸಿನವನ ನಂಬರ್ ಎಲ್ಲಿಟ್ಟೆ?” ಎಂದು ಹೆಂಡತಿಯನ್ನು ಕೂಗಿದರು.

ಆ ಒಂದೇ ಹಣ್ಣಿನ ಲೇಬಲ್ ಅಚ್ಚಾಯಿತು. ಮುನ್ನೂರು ಬಾಟಲಿಗೆ ಅಂಟಿಸಿದರು. ಮುಂದಿನ ಬೇಸಿಗೆಯ ಹೊತ್ತಿಗೆ ನೂರ ಎಂಬತ್ತು ಮಾರಾಟವಾಗಿದ್ದವು. ಆಮೇಲೆ ಬದುಕಿದ್ದ ಎರಡು ವರ್ಷಗಳಲ್ಲಿ ದಾದಾಗೆ ಇನ್ನೂ ನಾಲ್ಕು ಕೆಲಸ ಬಂದವು. ನಾಲ್ವರಿಗೂ ಒಂದೊಂದನ್ನೇ ಮಾಡಿ ತೋರಿಸಿದರು. ಇಬ್ಬರು ಒಪ್ಪಿದರು, ಇಬ್ಬರು ಬೇಡ ಅಂದರು.